ಮನೆ ಕಂದಾಯದ ಡಿಮ್ಯಾಂಡ್ ನೋಟಿಸಿನಲ್ಲಿ ಲೆಕ್ಕವೂ ಇರಬೇಕು

ಬಸವನಗುಡಿ_ಬುಲ್‌ಟೆಂಪಲ್‌ರೋಡ್
ಮನೆ ಕಂದಾಯದ ಮೆಸೇಜ್ ಬಂದರೆ ಅದರಲ್ಲಿ ಕಾಣುವುದು ಕೊನೆಯ ಮೊತ್ತ ಮಾತ್ರ. ಅದು ಹೇಗೆ ಬಂತು ಅಂತ ಕೇಳಿದರೆ ಹತ್ತರಲ್ಲಿ ಎಂಟು ಮನೆಯವರು ತಲೆ ಕೆರೆದುಕೊಳ್ಳುತ್ತಾರೆ. ಸೂತ್ರ ಗುಟ್ಟಿನದೇನೂ ಅಲ್ಲ. 2008ರಿಂದ ನಮ್ಮ ಬೆಂಗಳೂರಿನಲ್ಲಿ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ ಇದೆ, ಅಂದರೆ ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ ಹಿಡಿದು ಲೆಕ್ಕ ಹಾಕುವುದು. ಚದರಡಿಯನ್ನು ವಲಯದ ದರಕ್ಕೆ ಗುಣಿಸಿ, ಅದನ್ನು 10 ತಿಂಗಳಿಗೆ ಗುಣಿಸಬೇಕು (12 ಅಲ್ಲ, ಇಲ್ಲೇ ಬಹಳ ಜನ ಎಡವುತ್ತಾರೆ). ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಉಳಿದದ್ದರ 20% ತೆರಿಗೆ. ಆ ತೆರಿಗೆಯ ಮೇಲೆ 24% ಸೆಸ್ (ಉಪಕರ).

ಸ್ವಂತ ವಾಸದ 1000 ಚದರಡಿ ಹೊಸ ಮನೆ ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ದರ 2 ರೂಪಾಯಿ ಇಟ್ಟಿದ್ದೇನೆ, ನಿಮ್ಮ ವಲಯದ್ದು ಹಾಕಿಕೊಳ್ಳಿ. 1000 × 2 × 10 = 20,000. ಸವಕಳಿ 3%, ಅಂದರೆ 600 ಹೋಗಿ 19,400. ಅದರ 20% ಅಂದರೆ 3,880. ಸೆಸ್ 931.20. ಒಟ್ಟು 4,811.20. ಈ ಸಾಲುಗಳು ನೋಟಿಸಿನಲ್ಲೇ ಅಚ್ಚಾಗಿ ಬರಬೇಕು ಅನ್ನುವುದು ನನ್ನ ಪ್ರಸ್ತಾಪ. ಏನಂತೀರಿ?

ಲೆಕ್ಕಪತ್ರ_ಮಲ್ಲೇಶ್ವರ
ಒಪ್ಪುತ್ತೇನೆ ಸರ್. ಆದರೆ ಗುಣಾಕಾರ ತಪ್ಪಾಗುವುದು ಕಮ್ಮಿ, ಗುಣಿಸುವ ಅಂಕಿಯೇ ತಪ್ಪಾಗಿರುವುದು ಜಾಸ್ತಿ. ಮುಖ್ಯವಾಗಿ ವಲಯ. ಎ ಇಂದ ಎಫ್ ತನಕ ಆರು ವಲಯ ಇವೆ, ಅವು ನಿಂತಿರುವುದು ಮಾರ್ಗಸೂಚಿ ಬೆಲೆಯ ಮೇಲೆ (ಆಸ್ತಿ ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ). ಬಡಾವಣೆಗೆ ಒಂದು ಅಂತಲ್ಲ, ರಸ್ತೆ ರಸ್ತೆಗೂ ಬದಲಾಗಬಹುದು. 2016ರಲ್ಲಿ ವಲಯ ಪರಿಷ್ಕರಣೆ ಆದಾಗ ಎಷ್ಟೋ ಜನ ಹಳೇ ವಲಯದಲ್ಲೇ ಕಟ್ಟುತ್ತಾ ಹೋದರು. ವರ್ಷಗಳಾದ ಮೇಲೆ ಸುಮಾರು 78 ಸಾವಿರ ಮಾಲೀಕರಿಗೆ ವ್ಯತ್ಯಾಸದ ಹಣ ಕಟ್ಟಿ ಅಂತ ನೋಟಿಸ್ ಹೋಯಿತು. ಅಷ್ಟೂ ವರ್ಷ ಪೋರ್ಟಲ್ ಅವರ ಹಣ ತೆಗೆದುಕೊಂಡು ರಸೀದಿ ಕೊಟ್ಟಿತ್ತಲ್ಲ!

ಹಾಗಾಗಿ ನೋಟಿಸಿನಲ್ಲಿ ರಸ್ತೆಯ ಹೆಸರು, ಅದರ ವಲಯ, ಆ ವಲಯ ಯಾವ ವರ್ಷದ ಪಟ್ಟಿಯಿಂದ ಬಂತು, ಮೂರೂ ಇರಬೇಕು.

ಅಪಾರ್ಟ್‌ಮೆಂಟ್_ಸಂಘ_ಬೆಳ್ಳಂದೂರು
ಪಟ್ಟಿಯಲ್ಲಿ ವಲಯ ಹುಡುಕುವವರಿಗೆ ಒಂದು ಮಾತು. ಪಿಐಡಿ ಸಂಖ್ಯೆಯಲ್ಲಿ (ಆಸ್ತಿಯ ಗುರುತಿನ ಸಂಖ್ಯೆ) ಮೂರು ಭಾಗ: ವಾರ್ಡ್, ರಸ್ತೆ, ನಿವೇಶನ. ವಾರ್ಡ್‌ಗಳು ಮತ್ತೆ ಮತ್ತೆ ಮರುವಿಂಗಡಣೆ ಆಗಿವೆ, ಆದ್ದರಿಂದ ಇವತ್ತಿನ ವಾರ್ಡ್ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಪಿಐಡಿಯಲ್ಲಿರುವ ವಾರ್ಡ್ ಮತ್ತು ರಸ್ತೆ ಸಂಖ್ಯೆ ಹಿಡಿದೇ ನೋಡಿ.

ಫ್ಲಾಟ್‌ನವರಿಗೆ ಇನ್ನೊಂದು. ಪಾರ್ಕಿಂಗ್ ಜಾಗಕ್ಕೆ ಬೇರೆ ಕಾಲಂ ಇದೆ. ಅದನ್ನು ಮನೆಯ ಚದರಡಿಗೆ ಸೇರಿಸಿ ತುಂಬಬೇಡಿ. 2025ರ ಏಪ್ರಿಲ್‌ನಿಂದ ಕಸ ವಿಲೇವಾರಿ ಶುಲ್ಕವೂ ಕಂದಾಯದ ಜೊತೆಗೇ ಬರುತ್ತಿದೆ. 601ರಿಂದ 1000 ಚದರಡಿಗೆ ತಿಂಗಳಿಗೆ 50 ರೂಪಾಯಿ, 1001ರಿಂದ 2000ಕ್ಕೆ 100. ಅಂದರೆ ವರ್ಷಕ್ಕೆ 600 ಅಥವಾ 1,200. ‘ಕಂದಾಯ ಏರಿಸಿಬಿಟ್ಟರು’ ಅಂತ ನಮ್ಮ ಗ್ರೂಪಿನಲ್ಲಿ ಕೂಗಾಡಿದ ಬಹುಪಾಲು ಜನಕ್ಕೆ ಏರಿದ್ದು ಇದೊಂದೇ. ಇದು ತೆರಿಗೆಯಲ್ಲ, ಇದಕ್ಕೆ ಸವಕಳಿಯೂ ಅನ್ವಯಿಸುವುದಿಲ್ಲ. ಬೇರೆ ಸಾಲಿನಲ್ಲಿ ತೋರಿಸಿ ಹೆಸರು ಬರೆದರೆ ಅರ್ಧ ಜಗಳ ಮುಗಿಯುತ್ತದೆ.

ವಿಜಯನಗರ_ಮೂವತ್ತುನಲವತ್ತು
ಎಲ್ಲಾ ಸರಿ, ಆದರೆ ಲೆಕ್ಕ ಅಚ್ಚು ಹಾಕಿದ ಮಾತ್ರಕ್ಕೆ ಲೆಕ್ಕ ಸರಳ ಆಗಲ್ಲ. ಬಾಡಿಗೆ ಮನೆಗೆ ಸ್ವಂತ ವಾಸದ ದುಪ್ಪಟ್ಟು ದರ ಅನ್ನುವ ನಿಯಮವನ್ನೇ ಕಿತ್ತುಹಾಕಬೇಕು. 30×40 ಸೈಟಿನಲ್ಲಿ ಮೂರು ಮಹಡಿ, ತಲಾ 800 ಚದರಡಿ ಅಂತಿಟ್ಟುಕೊಳ್ಳಿ. ಒಂದರಲ್ಲಿ ಮಾಲೀಕರು, ಎರಡು ಬಾಡಿಗೆಗೆ. ಸ್ವಂತದ್ದು 800 × 2 × 10 = 16,000, ಬಾಡಿಗೆಯದು 1600 × 4 × 10 = 64,000, ಒಟ್ಟು 80,000. ಸವಕಳಿ 3% ಕಳೆದು, ತೆರಿಗೆ ಸೆಸ್ ಸೇರಿ 19,244.80. ಮೂರೂ ಮಹಡಿ ಸ್ವಂತ ವಾಸ ಅಂತ ಬರೆದರೆ 11,546.88. ವರ್ಷಕ್ಕೆ 7,697.92 ವ್ಯತ್ಯಾಸ. ಪ್ರಾಮಾಣಿಕವಾಗಿ ಬರೆದವನಿಗೆ ದಂಡ ಹಾಕಿದ ಹಾಗಲ್ಲವೇ ಇದು?

ಲೆಕ್ಕಪತ್ರ_ಮಲ್ಲೇಶ್ವರ
ಅಲ್ಲ ಅಂತೀನಿ. ದುಪ್ಪಟ್ಟು ತೆಗೆದರೆ ಆ ಹಣ ಸ್ವಂತ ಮನೆಯಲ್ಲಿ ಇರುವವರ ದರದಿಂದಲೇ ಬರಬೇಕು. ಪಿಂಚಣಿಯಲ್ಲಿ ಬದುಕುವವರು ಬಾಡಿಗೆ ಆದಾಯ ಇರುವವರಿಗಾಗಿ ಯಾಕೆ ಕಟ್ಟಬೇಕು? ನಿಯಮದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬಳಕೆ ಬದಲಾದರೆ ಫಾರ್ಮ್ 5 ತುಂಬಬೇಕು ಅನ್ನುವುದು ಜನಕ್ಕೆ ಗೊತ್ತಿಲ್ಲ, ಅಲ್ಲಿದೆ ತೊಂದರೆ. ಏನೂ ಬದಲಾಗಿಲ್ಲ ಅನ್ನುವವರಿಗೆ ಫಾರ್ಮ್ 4. ಎಲ್ಲರೂ ಫಾರ್ಮ್ 4 ಒತ್ತಿ ಹಣ ಕಟ್ಟಿ ಎದ್ದುಬಿಡುತ್ತಾರೆ. ಮೇಲಿನ ಮಹಡಿ ಕಟ್ಟಿದ್ದರೂ ಅದೇ, ಬಾಡಿಗೆಗೆ ಕೊಟ್ಟಿದ್ದರೂ ಅದೇ. ಮೊದಲ ವರ್ಷದ ತಪ್ಪು ಹಾಗೇ ನಕಲಾಗುತ್ತಾ ಬರುತ್ತದೆ.

ವಿಜಯನಗರ_ಮೂವತ್ತುನಲವತ್ತು
ಪಿಂಚಣಿದಾರರ ಮಾತು ನ್ಯಾಯವೇ, ಒಪ್ಪಿದೆ. ಆದರೆ ಬಾಡಿಗೆದಾರ ಜೂನ್‌ನಲ್ಲಿ ಖಾಲಿ ಮಾಡಿ ಹೋಗುತ್ತಾನೆ, ಇನ್ನೊಬ್ಬ ಡಿಸೆಂಬರ್‌ಗೆ ಬರುತ್ತಾನೆ. ಅದನ್ನು ಯಾರು ಹೋಗಿ ನೋಡುತ್ತಾರೆ? ನೋಡಲಾಗದ ವಿಷಯದ ಮೇಲೆ ದರ ನಿಲ್ಲಿಸಿದರೆ ಸುಳ್ಳು ಬರೆಯುವವನಿಗೇ ಲಾಭ. ಈ ಮಾತಿನಲ್ಲಿ ನಾನು ಹಿಂದೆ ಸರಿಯಲ್ಲ.

ಬಸವನಗುಡಿ_ಬುಲ್‌ಟೆಂಪಲ್‌ರೋಡ್
ದರದ ವಿಷಯ ಸರ್ಕಾರದ ಮಟ್ಟದ್ದು, ಇಲ್ಲಿ ತೀರುವುದಲ್ಲ. ಆದರೆ ಫಾರ್ಮ್ 4ರ ಮಾತು ಬಹಳ ಮುಖ್ಯ. ಆ ಪುಟದಲ್ಲಿ ಹಣ ಕಟ್ಟುವ ಗುಂಡಿಗಿಂತ ಮೊದಲು ನೇರ ಪ್ರಶ್ನೆಗಳು ಬರಬೇಕು: ‘ಯಾವುದಾದರೂ ಮಹಡಿ ಬಾಡಿಗೆಗೆ ಇದೆಯೇ? ಹೋದ ವರ್ಷದ ನಂತರ ಏನಾದರೂ ಕಟ್ಟಿದ್ದೀರಾ? ಅಂಗಡಿ, ಕಚೇರಿ ಇದೆಯೇ?’ ಒಂದಕ್ಕೆ ಹೌದು ಅಂದರೂ ಫಾರ್ಮ್ 5 ತಾನಾಗಿ ತೆರೆದುಕೊಳ್ಳಬೇಕು.

ಹೊಸಮನೆ_ಯಲಹಂಕ
ಸೆಸ್ 24% ಅಂದರಲ್ಲ, ಅದು ಯಾವುದಕ್ಕೆ ಹೋಗುತ್ತದೆ ಮೇಡಂ/ಸರ್? ಮತ್ತೆ, ಇ-ಖಾತಾದಲ್ಲಿ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಒಂದು ಅಳತೆ, ಕಂದಾಯದ ರಸೀದಿಯಲ್ಲಿ ಇನ್ನೊಂದು ಅಳತೆ ಇದ್ದರೆ ಏನು ಮಾಡಬೇಕು?

ಅಪಾರ್ಟ್‌ಮೆಂಟ್_ಸಂಘ_ಬೆಳ್ಳಂದೂರು
ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ರಸೀದಿಯಲ್ಲಿ ಇದನ್ನೂ ಬಿಡಿಸಿ ಹಾಕಬೇಕು ಅನ್ನುವುದು ನನ್ನ ಬೇಡಿಕೆ.

ಅಳತೆ ಬೇರೆ ಇದ್ದರೆ ಮೊದಲು ಕ್ರಯಪತ್ರ ಮತ್ತು ಮಂಜೂರಾದ ನಕ್ಷೆ ತೆಗೆದಿಟ್ಟುಕೊಂಡು ಯಾವುದು ನಿಜ ಅಂತ ನೀವೇ ಖಚಿತ ಮಾಡಿಕೊಳ್ಳಿ. ನಿವೇಶನದ ಅಳತೆ ಬೇರೆ, ಕಟ್ಟಡದ ಅಳತೆ ಬೇರೆ. ಎಷ್ಟೋ ಸಲ ಇವೆರಡು ಅದಲುಬದಲಾಗಿರುತ್ತವೆ, ಅಷ್ಟೆ. ಕಂದಾಯದ ಕಡೆ ತಪ್ಪಿದ್ದರೆ ಫಾರ್ಮ್ 5. ಖಾತಾ ಕಡೆ ತಪ್ಪಿದ್ದರೆ ಎಆರ್‌ಒ (ಸಹಾಯಕ ಕಂದಾಯ ಅಧಿಕಾರಿ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಕೆಲಸ ಆಗಲ್ಲ.

ಲೆಕ್ಕಪತ್ರ_ಮಲ್ಲೇಶ್ವರ
ಯಲಹಂಕದವರೇ, ಒಂದು ಸೇರಿಸುತ್ತೇನೆ. ಅಳತೆ ಸರಿಯಾಗುವ ತನಕ ಕಂದಾಯ ನಿಲ್ಲಿಸಬೇಡಿ. ಈಗಿರುವ ಮೊತ್ತ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ, ಬಾಕಿ ಬಿಟ್ಟರೆ ಬಡ್ಡಿ ಓಡುತ್ತದೆ. ವ್ಯತ್ಯಾಸ ಬಂದರೆ ಆಮೇಲೆ ಅದಷ್ಟನ್ನೇ ಕಟ್ಟಬಹುದು. ನಿಮ್ಮ ಪಿಐಡಿಯ ರಸ್ತೆಗೆ ಯಾವ ವಲಯ ಅಂತಲೂ ಇದೇ ಹೊತ್ತಿಗೆ ನೋಡಿಕೊಂಡುಬಿಡಿ.