ಬಾಡಿಗೆಯವರು ಇಡೀ ಮನೆಗೆ ಪೇಂಟ್ ಮಾಡಿಸಿ ಅಂತಿದ್ದಾರೆ. ಎಷ್ಟಕ್ಕೆ ಒಪ್ಪಬೇಕು?

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನಲ್ಲಿ. ಬೆಂಗಳೂರಿನ ಉತ್ತರಹಳ್ಳಿಯಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲಾಟ್ ಇದೆ. ನಮ್ಮ ಯಜಮಾನರು ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತೆಗೆದುಕೊಂಡದ್ದು. ಈಗ ಅವರಿಲ್ಲ. ಪೆನ್ಷನ್ ಬಿಟ್ಟರೆ ಆ ಬಾಡಿಗೆಯೇ ನನಗೆ ಆಧಾರ.

ಮನೆಯಲ್ಲಿರುವುದು ಗಂಡ, ಹೆಂಡತಿ, ಒಂದು ಪುಟ್ಟ ಹೆಣ್ಣುಮಗು. ಬಂದು ಮೂರು ವರ್ಷವಾಯಿತು. ಬಾಡಿಗೆ 22,000. ಅಡ್ವಾನ್ಸ್ 1,10,000. ಐದನೇ ತಾರೀಕಿನೊಳಗೆ ಬಾಡಿಗೆ ಬಂದುಬಿಡುತ್ತದೆ, ಒಂದು ಸಲವೂ ಕೇಳಿಸಿಕೊಂಡವರಲ್ಲ. ಹಬ್ಬ ಬಂದರೆ ಮಗುವಿನ ತಾಯಿ, ಆ ಹುಡುಗಿ, ಫೋನ್ ಮಾಡಿ "ಆಂಟಿ, ಹೇಗಿದ್ದೀರಾ" ಅಂತ ವಿಚಾರಿಸುತ್ತಾಳೆ. ಇವರನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಗ್ರಿಮೆಂಟ್ ಮುಂದಿನ ತಿಂಗಳು ಮುಗಿಯುತ್ತದೆ. ಎಂದಿನಂತೆ ಶೇಕಡಾ 5 ಜಾಸ್ತಿ ಮಾಡಿ ಹೊಸದು ಬರೆಸೋಣ ಅಂದೆ. ಅದಕ್ಕೆ ಆ ಹುಡುಗ ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಉದ್ದದ ಪಟ್ಟಿ ಕಳಿಸಿದ್ದಾನೆ. ಇಡೀ ಮನೆಗೆ ಪೇಂಟ್ ಆಗಬೇಕು. ಹಾಲ್‌ನಲ್ಲಿ ಟಿವಿ ಇರುವ ಗೋಡೆಗೆ ಕಡುನೀಲಿ ಬೇಕು. ಅಡುಗೆಮನೆಯಲ್ಲಿ ಎಣ್ಣೆ ಜಿಡ್ಡು ಹೋಗುತ್ತಿಲ್ಲ. ಚಿಕ್ಕ ರೂಮಿನಲ್ಲಿ ಬಾತ್‌ರೂಮಿಗೆ ಅಂಟಿದ ಗೋಡೆಯ ಬಣ್ಣ ಎದ್ದಿದೆ. ಇಷ್ಟೂ ಆಗದಿದ್ದರೆ ಬಾಡಿಗೆ ಜಾಸ್ತಿ ಮಾಡಬೇಡಿ, ಅದೂ ಆಗದಿದ್ದರೆ ಬೇರೆ ಮನೆ ನೋಡಿಕೊಳ್ಳುತ್ತೇವೆ ಅಂತ ಕೊನೆಯಲ್ಲಿ ಬರೆದಿದ್ದಾನೆ. ಮರ್ಯಾದೆಯಿಂದಲೇ ಬರೆದಿದ್ದಾನೆ.

ನಾನೇ ಹೋಗಿ ನೋಡಿಕೊಂಡು ಬಂದೆ. ಚಿಕ್ಕ ರೂಮಿನ ಗೋಡೆ ನೋಡಿ ಬೇಜಾರಾಯಿತು. ಸ್ಕರ್ಟಿಂಗಿನಿಂದ ಮೊಣಕಾಲೆತ್ತರದವರೆಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿದೆ. ಬೆರಳಿನಿಂದ ಮುಟ್ಟಿದರೆ ಉದುರುತ್ತದೆ, ಒಳಗೆ ಬಿಳಿ ಉಪ್ಪಿನಂಥ ಪುಡಿ. ಆ ಗೋಡೆ ಪಕ್ಕ ಮಗುವಿನ ಮಂಚ ಇತ್ತಂತೆ. ಈಗ ಅದನ್ನು ಹಾಲ್‌ಗೆ ಎಳೆದುಕೊಂಡಿದ್ದಾರೆ. ಅದನ್ನು ನೋಡಿದ ಮೇಲೆ ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಹಾಲ್‌ನಲ್ಲಿ ಸೋಫಾ ಹಿಂದೆ ಮಗು ಕ್ರೆಯಾನ್‌ನಲ್ಲಿ ಗೀಚಿದೆ. ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ಹಳದಿ ಕಟ್ಟಿದೆ. ದೊಡ್ಡ ರೂಮಿಗೆ ಏನೂ ಆಗಿಲ್ಲ, ಸ್ವಲ್ಪ ಮಾಸಿದೆ, ಅಷ್ಟೇ.

ಅಲ್ಲಿಯೇ ಒಬ್ಬ ಕಂಟ್ರಾಕ್ಟರ್ ನೋಡಿ ಎಲ್ಲಾ ಸೇರಿ 42,000 ಅಂದರು. ಅದು ನನಗೆ ಎರಡು ತಿಂಗಳ ಬಾಡಿಗೆ. ಬಾಡಿಗೆಯವರು ಬರುವ ಮುಂಚೆ ಪೂರ್ತಿ ಪೇಂಟ್ ಮಾಡಿಸಿಯೇ ಕೊಟ್ಟಿದ್ದೆ. ಅಗ್ರಿಮೆಂಟ್‌ನಲ್ಲಿ ಇರುವುದು ಒಂದೇ ಸಾಲು: ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹಿಡಿಯತಕ್ಕದ್ದು. ಇರುವಾಗ ಕೇಳಿದರೆ ಏನು ಅಂತ ಎಲ್ಲೂ ಇಲ್ಲ.

ಇದರಲ್ಲಿ ನಾನು ಮಾಡಿಸಬೇಕಾದದ್ದು ಯಾವುದು, ಅವರು ನೋಡಿಕೊಳ್ಳಬೇಕಾದದ್ದು ಯಾವುದು? ಮನೆ ಬಾಡಿಗೆಗೆ ಕೊಟ್ಟವರು, ಬಾಡಿಗೆಗೆ ಇರುವವರು ಇಬ್ಬರೂ ಹೇಳಿ. ನ್ಯಾಯವಾಗಿ ನಡೆದುಕೊಳ್ಳಬೇಕು ಅನ್ನುವುದೇ ನನ್ನ ಆಸೆ.

ಎರಡು ಮನೆ ಓನರ್

ಮೇಡಂ, ಜನ ಇರುವ ಮನೆಗೆ ಪೇಂಟ್ ಮಾಡಿಸಲು ಹೋಗಬೇಡಿ. ಬಸವೇಶ್ವರನಗರದಲ್ಲಿ ನಮ್ಮವು ಎರಡು ಮನೆ ಇವೆ. ಖಾಲಿಯಾದಾಗ ಮಾತ್ರ ಪೇಂಟ್, ಇದು ನಮ್ಮ ತಂದೆ ಕಾಲದಿಂದ ಬಂದ ಪದ್ಧತಿ. ಸಾಮಾನು ತುಂಬಿದ ಮನೆಯಲ್ಲಿ ಕೆಲಸ ನಿಧಾನ. ಬೀರು ಸರಿಸಬೇಕು, ಸೋಫಾ ಮುಚ್ಚಬೇಕು, ದಿನಕ್ಕೊಂದು ರೂಮ್ ಖಾಲಿ ಮಾಡಬೇಕು. ಕೂಲಿ ಜಾಸ್ತಿ ಬೀಳುತ್ತದೆ. ಆಮೇಲೆ ಅವರು ವರ್ಷದೊಳಗೆ ಬಿಟ್ಟರೆ ಹೊಸಬರು ಬಂದು ಮತ್ತೆ ಪೇಂಟ್ ಕೇಳುತ್ತಾರೆ.

ಕಡುನೀಲಿಗೆ ಮಾತ್ರ ಖಂಡಿತ ಒಪ್ಪಬೇಡಿ. ನಮ್ಮ ಮನೆಯಲ್ಲಿ ಒಬ್ಬರು ಮೆರೂನ್ ಹಾಕಿಸಿಕೊಂಡಿದ್ದರು. ಅವರು ಹೋದ ಮೇಲೆ ಬಂದು ನೋಡಿದವರೆಲ್ಲ ಮೊದಲು ಕೇಳಿದ್ದು "ಈ ಗೋಡೆ ಬಣ್ಣ ಬದಲಾಯಿಸುತ್ತೀರಾ" ಅಂತಲೇ.

ಆದರೆ ಆ ತೇವದ ಗೋಡೆ ಬೇರೆ ವಿಷಯ. ಅದು ಓನರ್ ಕೆಲಸ. ಅದನ್ನು ಮಾಡಿಸಿಕೊಡಿ.

ಬಣ್ಣದ ಮೇಸ್ತ್ರಿ, ಪದ್ಮನಾಭನಗರ

ಅಮ್ಮ, ಪೇಂಟ್ ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ. ಬಿಳಿ ಪುಡಿ ಬಂದಿದೆ ಅಂದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಅಂತಲೇ ಅರ್ಥ. ಇಟ್ಟಿಗೆ, ಸಿಮೆಂಟಿನಲ್ಲಿರುವ ಉಪ್ಪನ್ನು ನೀರು ಕರಗಿಸಿ ಹೊರಗೆ ತರುತ್ತದೆ. ನೀರು ಒಣಗಿದಾಗ ಉಪ್ಪು ಅಲ್ಲೇ ಉಳಿದು ಬಣ್ಣವನ್ನು ಮೇಲಕ್ಕೆ ತಳ್ಳುತ್ತದೆ. ಇದರ ಮೇಲೆ ಎಷ್ಟು ದುಬಾರಿ ಪೇಂಟ್ ಹಾಕಿದರೂ ಒಂದು ಮಳೆಗಾಲ ತಡೆಯಲ್ಲ. ನಿಮ್ಮ 42,000 ಕೊಟೇಶನ್‌ನಲ್ಲಿ ಲೀಕ್ ರಿಪೇರಿ ಸೇರಿದೆಯಾ ಕೇಳಿ. ನನ್ನ ಅಂದಾಜು, ಸೇರಿರಲ್ಲ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ, ಬಾಡಿಗೆಯವರೇ ಮಾಡಬಹುದು. ಎದ್ದಿರುವ ಬಣ್ಣ ಕೆರೆದು, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಆ ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಲಿ. ಒಂದೆರಡು ದಿನ ಬಿಟ್ಟು ನೋಡಲಿ. ಹಾಳೆಯ ಒಳಮೈಯಲ್ಲಿ, ಗೋಡೆ ಕಡೆ ಹನಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕೂತಿದ್ದರೆ ರೂಮಿನ ಗಾಳಿಯ ತೇವ. ಒಳಗೆ ಬಟ್ಟೆ ಒಣಹಾಕಿ ಕಿಟಕಿ ಮುಚ್ಚಿಟ್ಟರೆ ಹಾಗಾಗುತ್ತದೆ.

ಗೋಡೆಯಿಂದಲೇ ಅಂತಾದರೆ ಒಂದು ವಾರ ಆ ಬಾತ್‌ರೂಮಿನಲ್ಲಿ ಸ್ನಾನ ನಿಲ್ಲಿಸಿ. ತೇವ ಕಡಿಮೆಯಾದರೆ ಟೈಲ್ಸ್ ಸಂದು ಇಲ್ಲವೇ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ತೂತು) ಸುತ್ತ ಬಿರುಕು ಬಿಟ್ಟಿದೆ. ಹಳೆ ಸಂದು ಕೆರೆದು ಎಪಾಕ್ಸಿ ಗ್ರೌಟ್ (ನೀರು ಬಿಡದ, ಸಂದು ತುಂಬುವ ಪೇಸ್ಟ್) ತುಂಬಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಸ್ನಾನ ನಿಲ್ಲಿಸಿದರೂ ತೇವ ಹಾಗೇ ಇದ್ದರೆ ಗೋಡೆಯೊಳಗಿನ ಪೈಪ್ ಮೇಲೆ ಅನುಮಾನ. ಗೀಜರ್ ಲೈನ್, ಡೈವರ್ಟರ್ (ನಲ್ಲಿಗೋ ಶವರಿಗೋ ನೀರು ತಿರುಗಿಸುವ ಭಾಗ) ಜಾಯಿಂಟ್ ನೋಡಬೇಕು. ಪ್ಲಂಬರ್ ಕರೆಸಿ ಪ್ರೆಷರ್ ಟೆಸ್ಟ್ ಮಾಡಿಸಿ. ಸುಮ್ನೆ ಟೈಲ್ಸ್ ಒಡೆಸಬೇಡಿ.

ಲೀಕ್ ನಿಂತ ಮೇಲೆ ಸಡಿಲವಾದ ಪ್ಲಾಸ್ಟರ್ ಕೆರೆದು ಗೋಡೆ ಚೆನ್ನಾಗಿ ಒಣಗಲು ಬಿಡಿ. ವಾರಗಳೇ ಹಿಡಿಯುತ್ತವೆ. ಮೂರೇ ದಿನದಲ್ಲಿ ಎಲ್ಲಾ ಮುಗಿಸಿಕೊಡುತ್ತೇನೆ ಅನ್ನುವವರನ್ನು ನಂಬಬೇಡಿ.

ಅಳತೆ ವಿಷಯ. ನಮ್ಮ ಲೆಕ್ಕದಲ್ಲಿ ಗೋಡೆ, ಸೀಲಿಂಗ್ ಸೇರಿ ಒಳಗಿನ ನೆಲದ ಅಳತೆಯ ಸುಮಾರು ಮೂರು ಪಟ್ಟು ಬರುತ್ತದೆ. ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಪೇಂಟ್) ಒಂದು ಲೀಟರ್‌ಗೆ ಎರಡು ಕೋಟ್‌ನಲ್ಲಿ ಹೆಚ್ಚುಕಡಿಮೆ 50–60 ಚದರ ಅಡಿ. ಕಂಟ್ರಾಕ್ಟರ್ ಕೊಟ್ಟ ಅಳತೆಯನ್ನು ಇದಕ್ಕೆ ಹೋಲಿಸಿ ನೋಡಿ. ಪುಟ್ಟಿ ಇಡೀ ಗೋಡೆಗಾ, ಬರೀ ತೇಪೆಗಾ ಅಂತ ಬರೆಸಿಕೊಳ್ಳಿ. ರೇಟಿನ ವ್ಯತ್ಯಾಸ ಇರುವುದೇ ಅಲ್ಲಿ.

ಕ್ರೆಯಾನ್ ಅಂದರೆ ಮೇಣ. ಅದರ ಮೇಲೆ ನೇರವಾಗಿ ಪೇಂಟ್ ಹಿಡಿಯಲ್ಲ. ಸೋಪುನೀರಿನಲ್ಲಿ ಉಜ್ಜಿ, ಎಮರಿ ಹಾಕಿ, ಪ್ರೈಮರ್ ಕೊಟ್ಟು ಆಮೇಲೆ ಪೇಂಟ್. ಅಡುಗೆಮನೆ ಜಿಡ್ಡಿಗೂ ಅಷ್ಟೇ, ತೊಳೆಯದೆ ಹೊಡೆದರೆ ಹಳದಿ ಮತ್ತೆ ಮೇಲೆ ಬರುತ್ತದೆ.

ಹನುಮಂತನಗರದ ಬಾಡಿಗೆಮನೆ

ಆಂಟಿ, ನಾನು ಬಾಡಿಗೆಗೆ ಇರುವವನು. ನಮ್ಮ ಕಡೆಯದನ್ನೂ ಹೇಳಿಬಿಡುತ್ತೇನೆ.

ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. 11 ತಿಂಗಳು ಇದ್ದವನಿಗೂ ಅಷ್ಟೇ, ಐದು ವರ್ಷ ಇದ್ದವನಿಗೂ ಅಷ್ಟೇ. ಆ ದುಡ್ಡಿನಲ್ಲಿ ಮಾಡಿಸಿದ ಪೇಂಟ್ ಸಿಗುವುದು ಮುಂದೆ ಬರುವವರಿಗೆ. ಕೊಟ್ಟವನು ಅದೇ ಹಳೆ ಗೋಡೆ ನೋಡಿಕೊಂಡು ಇದ್ದು ಹೋಗುತ್ತಾನೆ. ಹಿಂದಿನ ಮನೆಯಲ್ಲಿ ನಾನೂ ಕೊಟ್ಟೆ. ಎರಡು ವಾರ ಬಿಟ್ಟು ಕಾಗದ ತರಲು ಹೋದಾಗ ಹೊಸಬರು ಆಗಲೇ ಬಂದಿದ್ದರು. ನಮ್ಮ ಕ್ಯಾಲೆಂಡರ್ ನೇತುಹಾಕಿದ್ದ ಜಾಗದ ಗುರುತು ಗೋಡೆ ಮೇಲೆ ಹಾಗೇ ಇತ್ತು. ಬಹಳ ನೋವಾಯಿತು.

ನಿಮ್ಮವರು ಮೂರು ವರ್ಷ ಇದ್ದಾರೆ, ಇನ್ನೂ ಇರುತ್ತೇವೆ ಅಂತಿದ್ದಾರೆ. ಹೇಗೂ ಮುಂದೆ 22,000 ಹಿಡಿಯುವವರಿದ್ದೀರಿ. ಆ ದುಡ್ಡಿನ ಕೆಲಸವನ್ನು ಈಗಲೇ ಮಾಡಿಸಿಕೊಡಿ, ಅವರು ಅದರಲ್ಲಿ ಬದುಕಲಿ. ಬಿಡುವಾಗ ಹಿಡಿಯುವುದಿಲ್ಲ, ಅಥವಾ ಇಷ್ಟೇ ಹಿಡಿಯುತ್ತೇನೆ ಅಂತ ಹೊಸ ಅಗ್ರಿಮೆಂಟ್‌ನಲ್ಲಿ ಬರೆಸಿ. ಆ ಹುಡುಗ ಖಂಡಿತ ಒಪ್ಪುತ್ತಾನೆ. ನಾನಾಗಿದ್ದರೆ ನೀಲಿ ಗೋಡೆ ಮಾತನ್ನು ಅಲ್ಲಿಗೇ ಬಿಡುತ್ತಿದ್ದೆ.

ಇನ್ನೊಂದು ಮಾತು. ತೇವದ ಗೋಡೆಯನ್ನು ಪೇಂಟಿನ ಪಟ್ಟಿಯಲ್ಲಿ ಸೇರಿಸಲೇಬೇಡಿ. ಪುಟ್ಟ ಮಗು ಇರುವ ಮನೆ. ಅದಕ್ಕೆ ಬಾಡಿಗೆ, ಅಡ್ವಾನ್ಸ್ ಲೆಕ್ಕ ಕಟ್ಟಬಾರದು.

ವಕೀಲ, ತುಮಕೂರು

ಕಾನೂನಿನ ಬಗ್ಗೆ ಸ್ವಲ್ಪ. ಕರ್ನಾಟಕ ಬಾಡಿಗೆ ಕಾಯ್ದೆ 1999 ನಿಮ್ಮ ಮನೆಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆಗಳನ್ನು ಅದು ಹೊರಗಿಟ್ಟಿದೆ. ಹಾಗಾಗಿ ನಿಮಗೆ ಮುಖ್ಯವಾದದ್ದು ನಿಮ್ಮ ಅಗ್ರಿಮೆಂಟ್ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಕಾಪಾಡಿ ವಾಪಸ್ ಕೊಡಬೇಕು. ಆದರೆ ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ನಿಮ್ಮ ಪಟ್ಟಿಯನ್ನು ಹೀಗೆ ನೋಡಿ. ಬಣ್ಣ ಮಾಸುವುದು ಸಹಜ ಸವೆತ. ಅಡುಗೆಮನೆ ಹಳದಿಯೂ ಬಹುಮಟ್ಟಿಗೆ ಸಹಜವೇ. ಕ್ರೆಯಾನ್ ಗೀಚಿದ್ದು ಅವರ ಬಾಬತ್ತು. ಕಡುನೀಲಿ ಅವರ ಇಷ್ಟ, ಅದನ್ನು ಮಾಡಿಸಿಕೊಡಬೇಕೆಂಬ ಕಟ್ಟುಪಾಡು ನಿಮಗಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದಿತು. ರಾಜ್ಯ ತನ್ನ ಕಾಯ್ದೆ ಮಾಡಿದರೆ ಮಾತ್ರ ಅದಕ್ಕೆ ಬಲ. ಆದರೂ ಅದರ ಪಟ್ಟಿ ಮಾತುಕತೆಗೆ ಒಳ್ಳೆಯ ಅಳತೆಗೋಲು. ಬೇರೆ ಒಪ್ಪಂದ ಇಲ್ಲದಿದ್ದರೆ ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗೆ ಪೇಂಟ್, ಪೈಪ್ ಬದಲಾವಣೆ, ವೈರಿಂಗ್ ಇವು ಮಾಲೀಕರದು. ನಲ್ಲಿ ವಾಷರ್, ಸ್ವಿಚ್, ಗೀಜರ್ ರಿಪೇರಿ, ಬೀಗ ಇವು ಬಾಡಿಗೆದಾರರದು.

ತೆರಿಗೆ ವಿಷಯವನ್ನೂ ನೆನಪಿಡಿ. ಬಾಡಿಗೆ ಆದಾಯದಲ್ಲಿ ಮನೆ ಕಂದಾಯ ಕಳೆದ ಮೇಲೆ ಶೇಕಡಾ 30 ವಿನಾಯಿತಿ ಸಿಗುತ್ತದೆ. ನೀವು ರಿಪೇರಿ ಮಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ವರ್ಷಕ್ಕೆ 2,64,000 ಬಾಡಿಗೆ ಅಂದರೆ ಕಂದಾಯವನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ ಆ ವಿನಾಯಿತಿ 79,200. ಪೇಂಟಿನ ಖರ್ಚನ್ನು ಮತ್ತೆ ಬೇರೆಯಾಗಿ ತೋರಿಸಲು ಬರುವುದಿಲ್ಲ.

ಕುವೆಂಪುನಗರದವಳು

ಎಲ್ಲರಿಗೂ ತುಂಬಾ ಧನ್ಯವಾದ. ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮಾಡಿಸಿದೆ. ಆ ಹುಡುಗಿಯೇ ಹಾಳೆ ಅಂಟಿಸಿ ಫೋಟೋ ಕಳಿಸಿದಳು. ಹನಿ ಗೋಡೆ ಕಡೆಯೇ ಇತ್ತು. ಆಮೇಲೆ ಆ ಬಾತ್‌ರೂಮ್ ನಿಲ್ಲಿಸಿದಾಗ ತೇವ ಕಡಿಮೆಯಾಯಿತು. ಮೂಲೆಯಲ್ಲಿ ಟೈಲ್ಸ್ ಸಂದು ಪೂರ್ತಿ ಹೋಗಿದೆ ಅಂತ ಪ್ಲಂಬರ್ ತೋರಿಸಿದರು. ಗ್ರೌಟ್ ಕೆಲಸ ನನ್ನ ಖರ್ಚಿನಲ್ಲೇ ಮಾಡಿಸಿದೆ. ಇದನ್ನು ಯಾವ ಲೆಕ್ಕಕ್ಕೂ ಸೇರಿಸುವುದಿಲ್ಲ ಅಂತ ಅವರಿಗೆ ಹೇಳಿದ್ದೇನೆ.

ಓನರ್ ಸರ್, ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಖಾಲಿಯಾಗುವವರೆಗೆ ಕಾಯುವುದು ನನಗೆ ಸರಿ ಕಾಣಲಿಲ್ಲ. ಮನೆ ಒಂದೂವರೆ ತಿಂಗಳು ಖಾಲಿ ಬಿದ್ದು ಬ್ರೋಕರ್‌ಗೂ ಕೊಟ್ಟರೆ ನನಗೆ ಇದಕ್ಕಿಂತ ಜಾಸ್ತಿಯೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹನುಮಂತನಗರದವರು ಹೇಳಿದ ಕ್ಯಾಲೆಂಡರ್ ಗುರುತಿನ ಮಾತು ನನ್ನ ಮನಸ್ಸಿಗೆ ನಾಟಿತು. ದುಡ್ಡು ಹಿಡಿದುಕೊಂಡು ಗೋಡೆ ಮುಟ್ಟದೆ ಇರುವುದು ನನ್ನಿಂದಾಗದು.

ಮಾತಾಡಿ ಹೀಗೆ ತೀರ್ಮಾನ ಮಾಡಿದೆವು. ಹಾಲ್, ಅಡುಗೆಮನೆ, ಚಿಕ್ಕ ರೂಮ್ ಈಗ. ದೊಡ್ಡ ರೂಮ್ ಮುಂದೆ ಅವರು ಬಿಟ್ಟಾಗ. ಕಂಟ್ರಾಕ್ಟರ್ ಅಳತೆ ತಿದ್ದಿ 27,000ಕ್ಕೆ ಬಂದರು. ಕ್ರೆಯಾನ್ ಗೋಡೆ ಉಜ್ಜುವ ಕೂಲಿ ತಾವೇ ಕೊಡುತ್ತೇವೆ ಅಂತ ಬಾಡಿಗೆಯವರಾಗಿಯೇ ಅಂದರು. ನೀಲಿ ಬೇಡ ಅಂದಾಗ ಹುಡುಗನ ಮುಖ ಸ್ವಲ್ಪ ಬಾಡಿತು, ಆದರೆ ಒಪ್ಪಿಕೊಂಡ. ಬಾಡಿಗೆ 23,100. ಹಳೆ ಸಾಲು ತೆಗೆಸಿ, ಇನ್ನೂ ಎರಡು ವರ್ಷ ಇದ್ದರೆ ಪೇಂಟಿಂಗ್‌ಗೆ ಏನೂ ಹಿಡಿಯುವುದಿಲ್ಲ, ಮುಂಚೆ ಬಿಟ್ಟರೆ ಅರ್ಧ ತಿಂಗಳ ಬಾಡಿಗೆ ಮಾತ್ರ ಅಂತ ಬರೆಸುತ್ತಿದ್ದೇನೆ. ಎಲ್ಲಾ ಗೋಡೆಗಳ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳುತ್ತೇವೆ.

ಮೇಸ್ತ್ರಿಯವರೇ, ಕೊನೆಯದಾಗಿ ಒಂದು. ಮಗುವಿನ ಮಂಚ ಇನ್ನೂ ಹಾಲ್‌ನಲ್ಲಿದೆ. ಚಿಕ್ಕ ರೂಮಿಗೆ ಯಾವಾಗ ಪೇಂಟ್ ಹೊಡೆಯಬಹುದು?

ಬಣ್ಣದ ಮೇಸ್ತ್ರಿ, ಪದ್ಮನಾಭನಗರ

ಅಮ್ಮ, ಅದೇ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ ನೋಡಿ. ಒಳಮೈ ಪೂರ್ತಿ ಒಣಗಿದ್ದರೆ ಹೊಡೆಸಿ, ಹನಿ ಕಂಡರೆ ಇನ್ನಷ್ಟು ಕಾಯಿರಿ. ಅಲ್ಲಿಯವರೆಗೆ ಕಿಟಕಿ ತೆಗೆದಿಡಿ, ಫ್ಯಾನ್ ಓಡಲಿ. ಹಾಲ್, ಅಡುಗೆಮನೆ ಮೊದಲು ಮುಗಿಸಿ, ಈ ರೂಮನ್ನು ಕೊನೆಗೆ ಇಟ್ಟುಕೊಳ್ಳಿ. ಹಾಲ್ ಕೆಲಸ ನಡೆಯುವಾಗ ಮಂಚ ದೊಡ್ಡ ರೂಮಿಗೆ ಹೋಗಲಿ. ಪೇಂಟ್ ಆದ ಮೇಲೂ ಮಂಚ ಗೋಡೆಗೆ ಅಂಟಿಸಬೇಡಿ, ಒಂದು ಗೇಣು ಜಾಗ ಬಿಡಿ, ಗಾಳಿ ಆಡಬೇಕು.