ಪದಚರ್ಚೆ: ‘ರೂಮ್ ಬ್ರಷ್’ ಅನ್ನು ‘ಕೋಣೆ ಕುಂಚ’ ಅನ್ನಬಹುದೇ?

ಪ್ರಶ್ನೆ, ಉಡುಪಿಯಿಂದ:
ನಮಸ್ಕಾರ. 1998ರ ‘ಥೀಫ್’, 2000ನೇ ಇಸವಿಯ ‘ಥೀಫ್ 2’ ಎಂಬ, ಕತ್ತಲಲ್ಲಿ ಅಡಗಿ ಕದಿಯುವ ಕಂಪ್ಯೂಟರ್ ಆಟಗಳಿಗೆ ಅಭಿಮಾನಿಗಳು ಹೊಸ ಮಿಷನ್ ಕಟ್ಟುವುದು ಡ್ರೋಮೆಡ್ ಎಂಬ ಎಡಿಟರಿನಲ್ಲಿ. ಅದರ ಕನ್ನಡ ಕೈಪಿಡಿಯಲ್ಲಿ ‘ಏರ್ ಬ್ರಷ್’ಗೆ ‘ಗಾಳಿ ಕುಂಚ’, ‘ರೂಮ್ ಬ್ರಷ್’ಗೆ ‘ಕೋಣೆ ಕುಂಚ’ ಅಂತ ಹಾಕಿದರೆ ಅರ್ಥ ಆಗ್ತದಾ? ಆಟಗಾರ ಎಷ್ಟು ಬೆಳಕಲ್ಲಿದ್ದಾನೆ ಅಂತ ತೋರಿಸುವ ‘ಲೈಟ್ ಜೆಮ್’ಗೆ, ‘ಫ್ಯಾನ್ ಮಿಷನ್’ಗೆ ಏನು ಬಳಸಬಹುದು?

ಉತ್ತರ, ಮಂಗಳೂರಿನಿಂದ:
‘ಕುಂಚ’ ಬೇಡ ಮಾರಾಯ್ರೆ. ಕುಂಚ ಅಂದ ಕೂಡಲೇ ಬಣ್ಣ ಬಳಿಯುವುದು ಕಣ್ಣ ಮುಂದೆ ಬರ್ತದೆ. ಡ್ರೋಮೆಡ್‌ನ ಬ್ರಷ್ ಅಂದರೆ ಜಾಗವನ್ನು ರೂಪಿಸುವ ಪೆಟ್ಟಿಗೆಯಂಥ ಆಕಾರ, ಅದಕ್ಕೆ ಉದ್ದ, ಅಗಲ, ಎತ್ತರ ಮೂರೂ ಉಂಟು. ಅಲ್ಲಿ ಶುರುವಿಗೆ ಇಡೀ ಜಗತ್ತೇ ಗಟ್ಟಿ; ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಿತ್ತ ಹಾಗೆ, ಏರ್ ಬ್ರಷ್ ಇಟ್ಟಲ್ಲಿ ಮಾತ್ರ ಟೊಳ್ಳಾಗ್ತದೆ. ಅದಕ್ಕೆ ‘ಟೊಳ್ಳು ಬ್ರಷ್’, ಜಾಗ ತುಂಬುವ ‘ಸಾಲಿಡ್ ಬ್ರಷ್’ಗೆ ‘ಗಟ್ಟಿ ಬ್ರಷ್’ ಅನ್ನಿ. ಬ್ರಷ್ ಎಂಬುದು ಹಾಗೇ ಇರಲಿ, ಕಲಿಯುವವರು ಮೆನುವಿನಲ್ಲಿ ಹುಡುಕಬೇಕಾದ್ದು ಅದನ್ನೇ. ಬ್ರಷ್ಷಿನ ‘ಟೈಮ್’ಗೆ ‘ಸಮಯ’ ಅನ್ನದೆ ‘ಸರದಿ’ ಅಂತ ಬರೆಯಿರಿ. ಒಂದೇ ಜಾಗದಲ್ಲಿ ಎರಡು ಬ್ರಷ್ ಬಿದ್ದರೆ ಸರದಿಯಲ್ಲಿ ಹಿಂದಿನಿಂದ ಬಂದದ್ದೇ ಉಳಿಯುವುದು. ಹಜಾರಕ್ಕಿಂತ ಮೊದಲೇ ಕಂಬದ ಸರದಿ ಬಂದರೆ ಕಂಬ ಮಾಯ.

ದೊಡ್ಡ ತೊಡಕು ಇರುವುದು ‘ಕೋಣೆ’ಯಲ್ಲಿ. ರೂಮ್ ಬ್ರಷ್ ಗೋಡೆ ಕಟ್ಟುವುದಿಲ್ಲ, ಆಟದಲ್ಲಿ ಕಾಣುವುದೂ ಇಲ್ಲ. ಸದ್ದು ಎಲ್ಲಿಂದ ಎಲ್ಲಿಗೆ ಹರಿಯಬಹುದು ಎಂದು ಎಂಜಿನ್ನಿಗೆ ತಿಳಿಸುವುದು ಅದರ ಮುಖ್ಯ ಕೆಲಸ. ‘ಕೋಣೆ’ ಅಂತ ಓದಿದವರು ಅಂಗಳಕ್ಕೆ, ಬೀದಿಗೆ ಇದು ಬೇಡ ಅಂದುಕೊಳ್ತಾರೆ. ಆಮೇಲೆ ಅಂಗಳದ ಕಬ್ಬಿಣದ ಹಲಗೆ ಮೇಲೆ ಧಡಧಡ ಓಡಿದರೂ ಕಾವಲುಗಾರ ತಿರುಗಿ ನೋಡುವುದಿಲ್ಲ. ಸದ್ದೇ ಜೀವಾಳವಾದ ಆಟ ಅಲ್ಲಿಗೆ ಕೆಟ್ಟಿತು. ‘ಸದ್ದಿನ ವಲಯ’ ಅನ್ನುವುದು ನನ್ನ ಸಲಹೆ. ಆಟಗಾರ ಒಳಹೊಕ್ಕದ್ದನ್ನು ಗುರುತಿಸಲಿಕ್ಕೂ ಇದೇ ಬ್ರಷ್ ಬಳಸ್ತಾರೆ, ಹಾಗಾಗಿ ಹೆಸರು ಪೂರ್ತಿ ಹೊಂದುವುದಿಲ್ಲ. ಆದರೂ ‘ಕೋಣೆ’ಯಷ್ಟು ದಾರಿ ತಪ್ಪಿಸುವುದಿಲ್ಲ.

ಕೈಪಿಡಿಯಲ್ಲಿ ಇಷ್ಟು ಖಂಡಿತ ಬರಲಿ: ಆಟಗಾರ ಹೋಗಬಹುದಾದ ಪ್ರತಿ ಟೊಳ್ಳೂ ಒಂದಲ್ಲ ಒಂದು ವಲಯದೊಳಗೆ ಇರಬೇಕು. ಪಕ್ಕದ ವಲಯಗಳ ನಡುವೆ ಸಂದು ಬಿಟ್ಟರೆ ಸದ್ದು ಅಲ್ಲೇ ನಿಲ್ತದೆ. ಒಂದರೊಳಗೊಂದು ಸ್ವಲ್ಪ ಹೊಕ್ಕರೆ ಅಡ್ಡಿಯಿಲ್ಲ, ಆದರೆ ಒಂದರ ನಡುಬಿಂದು ಇನ್ನೊಂದರೊಳಗೆ ಬೀಳಬಾರದು. ಬಾಗಿಲಿನ ತೆರಪಿಗೆ ಅದರದ್ದೇ ತೆಳು ವಲಯ ಕೊಡಿ, ಇಲ್ಲದಿದ್ದರೆ ಮುಚ್ಚಿದ ಬಾಗಿಲಿನಾಚೆಗೂ ಮಾತು ಸ್ಪಷ್ಟ ಕೇಳ್ತದೆ. ವಲಯ ಸರಿಸಿದ ಮೇಲೆ ರೂಮ್ ಡೇಟಾಬೇಸನ್ನು, ಅಂದರೆ ಈ ವಲಯಗಳ ದಾಖಲೆಯನ್ನು, ಹೊಸದಾಗಿ ಕಟ್ಟಿಸಬೇಕು. ಟೊಳ್ಳು, ಗಟ್ಟಿ ಬದಲಿಸಿದರೆ ಮೊದಲು ಪೋರ್ಟಲೈಸ್, ಅಂದರೆ ಬ್ರಷ್ಷುಗಳಿಂದ ಜಗತ್ತಿನ ಆಕಾರವನ್ನು ಹೊಸದಾಗಿ ಲೆಕ್ಕ ಹಾಕಿಸುವುದು. ಕಾವಲುಗಾರರು ನಡೆಯುವ ದಾರಿಯ ಲೆಕ್ಕ ಕೊನೆಗೆ.

‘ಲೈಟ್ ಜೆಮ್’ಗೆ ‘ಬೆಳಕಿನ ಹರಳು’ ಚಂದ. ನಿಂತ ಜಾಗ ಬೆಳಗಿದಷ್ಟೂ ಅದು ಹೊಳೆಯುವುದರಿಂದ ‘ಮಣಿ’ಗಿಂತ ‘ಹರಳು’ ಸರಿ. ‘ಫ್ಯಾನ್ ಮಿಷನ್’ ಅನ್ನು ‘ಹಂತ’ ಅನ್ನಬೇಡಿ, ಹೆಚ್ಚಿನವು ಬಿಡಿಬಿಡಿಯಾಗಿ ಆಡುವಂಥವು. ‘ಅಭಿಮಾನಿ ಮಿಷನ್’ ಸಾಕು.