ಸಹಾಯ ಬೇಕು: ದಿನನಿತ್ಯದ ಕಚೇರಿ ಕೆಲಸದಲ್ಲಿ ಅರ್ಥ ಕಂಡುಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು 11 ವರ್ಷಗಳಿಂದ ಲೆಕ್ಕಪತ್ರ ವಿಭಾಗದಲ್ಲಿ ಬಿಲ್ಲುಗಳನ್ನು ಪರಿಶೀಲಿಸಿ, ವೋಚರುಗಳೊಂದಿಗೆ ತಾಳೆ ನೋಡಿ, ಮೇಲಧಿಕಾರಿಗಳ ಸಹಿಗೆ ಕಳುಹಿಸುವ ಕೆಲಸ ಮಾಡುತ್ತಿದ್ದೇನೆ. ಈ ಕೆಲಸದ ಬಗ್ಗೆ ನನಗೆ ತಾತ್ಸಾರವಿಲ್ಲ. ಆದರೆ ಸಂಜೆ ಕಡತ ಮುಚ್ಚುವಾಗ ಇಂದು ಏನು ಮಾಡಿದೆ ಎಂದು ಕೇಳಿಕೊಂಡರೆ ನಿನ್ನೆಯ ಉತ್ತರವೇ ಬರುತ್ತದೆ. ಅದು ಈಚೆಗೆ ಮನಸ್ಸನ್ನು ಕೊರೆಯುತ್ತಿದೆ.

ಕಳೆದ ತಿಂಗಳು ಎರಡು ಮೊತ್ತಗಳ ನಡುವೆ 180ರ ವ್ಯತ್ಯಾಸ ಬಂದಿತ್ತು. ಅಂಕಿಗಳು ಅದಲುಬದಲಾದರೆ ವ್ಯತ್ಯಾಸವು 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂಬುದು ನೆನಪಾಗಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹುಡುಕುತ್ತ ಹೋದಾಗ, 5,640 ಎಂದಿರಬೇಕಾದ ಕಡೆ 5,460 ಎಂದು ನಮೂದಾಗಿದ್ದುದು ಸಿಕ್ಕಿತು. ಒಬ್ಬರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಪೂರ್ತಿ ಸಂದಿತು ಎಂಬ ಅಂದಿನ ತೃಪ್ತಿ ಇನ್ನೂ ನನ್ನಲ್ಲಿ ಉಳಿದಿದೆ. ಅಂಥ ದಿನಗಳು ತೀರ ಅಪರೂಪ.

2001ರಲ್ಲಿ ಇಬ್ಬರು ಸಂಶೋಧಕಿಯರು ‘ಜಾಬ್ ಕ್ರಾಫ್ಟಿಂಗ್’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು: ಕೆಲಸದ ವ್ಯಾಪ್ತಿ, ಜನರೊಂದಿಗಿನ ಒಡನಾಟ, ಕೆಲಸವನ್ನು ಕಾಣುವ ಬಗೆ ಇವುಗಳನ್ನು ಉದ್ಯೋಗಿಯೇ ತಿದ್ದಿಕೊಳ್ಳಬಹುದು ಎಂಬುದು ಅದರ ತಿರುಳು. ನನಗೆ ಇದು ಒಪ್ಪಿಗೆಯಾಗಿದೆ. ಆದರೆ ಪ್ರತಿ ಹೆಜ್ಜೆಗೂ ನಿಗದಿತ ನಮೂನೆಯಿರುವ ಹುದ್ದೆಯಲ್ಲಿ ಇದನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ.

ಇಂಥದೇ ಕೆಲಸದಲ್ಲಿದ್ದುಕೊಂಡು, ಬಡ್ತಿಯೊಂದನ್ನೇ ನೆಚ್ಚದೆ, ಮುಂದೆ ಸಾಗುವ ಹಂಬಲವನ್ನು ಉಳಿಸಿಕೊಂಡವರು ತಾವು ಮೊದಲು ಬದಲಿಸಿದ್ದು ಏನನ್ನು ಎಂದು ದಯವಿಟ್ಟು ವಿವರವಾಗಿ ತಿಳಿಸಿ. ಹೊಸದಾಗಿ ಸೇರಿದವರಿಗೆ ತಪ್ಪು ಹುಡುಕುವ ಕ್ರಮವನ್ನು ಕಲಿಸಬೇಕೆಂಬ ಆಸೆ ನನಗಿದೆ; ಯಾರೂ ವಹಿಸದ ಅಂಥ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದವರಿದ್ದರೆ, ಮೇಲಧಿಕಾರಿಗಳ ಬಳಿ ಮಾತನ್ನು ಹೇಗೆ ಎತ್ತಿದಿರಿ ಎಂಬುದನ್ನೂ ಬರೆಯಿರಿ.